ಅಜಂತಾಕ್ಕೆ ಹೊರಟವರನ್ನು ಎಬ್ಬಿಸಿದ್ದು ಯಾರು?

ದೆವ್ವ, ಭೂತ, ಕನಸಿನಲ್ಲಿ ಸೂಚನೆ ಸಿಗುವುದು, ಸತ್ತವರು ಬಂದು ಮಾತಾಡುವುದು ಇವೆಲ್ಲ ಮಾಡಲು ಕೆಲಸವಿಲ್ಲದವರ ಮಾತು ಎಂದುಕೊಂಡೇ ನಾನು ಅರ್ಧ ಆಯುಷ್ಯ ಕಳೆದವನು. ನಮ್ಮ ಡಾರ್ಮಿಟರಿಯಲ್ಲಿ ಇಳಿದುಕೊಳ್ಳುತ್ತಿದ್ದ ಹುಡುಗರು ದೌಲತಾಬಾದ್ ಕೋಟೆಯ ಕತ್ತಲ ದಾರಿಯಲ್ಲಿ ಯಾರೋ ತಮ್ಮ ಭುಜ ಮುಟ್ಟಿದರೆಂದು ಕಣ್ಣರಳಿಸಿ ಹೇಳಿದರೆ, "ಬಾವಲಿ ಇರ್ಬೇಕಪ್ಪ, ಕೈಕಾಲ ತೊಳ್ಕೊಂಡು ಊಟಕ್ಕ ಹೋಗ್ರಿ" ಎನ್ನುತ್ತಿದ್ದೆ. ನನ್ನ ಕಟ್ಟಡದಲ್ಲಿ ತಿಗಣೆಗಿಂತ ದೊಡ್ಡ ದೆವ್ವ ಯಾವುದೂ ಇಲ್ಲ, ಅದನ್ನೂ ಔಷಧ ಹೊಡೆಸಿ ಓಡಿಸಿದ್ದೇನೆ ಎಂದು ನಗಿಸುತ್ತಿದ್ದೆ. ಈಗ ಆ ಮಾತು ಆಡುವುದಿಲ್ಲ. ಹಾಗೆಂದು ದೆವ್ವವನ್ನು ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನೀವು ನಂಬಿದರೂ ಸರಿ, ಬಿಟ್ಟರೂ ಸರಿ.

ನಾನು ಭಾಲ್ಕಿ ಕಡೆಯವನು. ಹೊಟ್ಟೆಪಾಡಿಗಾಗಿ ಛತ್ರಪತಿ ಸಂಭಾಜಿನಗರಕ್ಕೆ ಬಂದು, ಒಂದೆರಡು ದಂಧೆ ಮಾಡಿ ಯಾವುದೂ ಕೈಹತ್ತದೆ, ಕೊನೆಗೆ ಬಸ್ ಸ್ಟ್ಯಾಂಡಿನ ಹತ್ತಿರ ಹಾಸಿಗೆ ಮಾರುವ ಒಂದು ಗಾದಿ ಅಂಗಡಿಯ ಮೇಲಿದ್ದ ದೊಡ್ಡ ಹಾಲನ್ನು ಬಾಡಿಗೆಗೆ ಹಿಡಿದೆ. ಸಾಲಾಗಿ ಕಬ್ಬಿಣದ ಮಂಚ, ಮಂಚಕ್ಕೊಂದು ಬೀಗದ ಪೆಟ್ಟಿಗೆ, ಮೊಬೈಲ್ ಚಾರ್ಜಿಗೆ ಒಂದು ಪ್ಲಗ್, ಬೆಳಿಗ್ಗೆ ಬಿಸಿನೀರು. ಬೆನ್ನಿಗೊಂದು ಚೀಲ ಏರಿಸಿಕೊಂಡು ಊರು ನೋಡಲು ಬರುವ ಕಾಲೇಜು ಹುಡುಗರಿಗೆ ಅಷ್ಟಿದ್ದರೆ ಸಾಕು. ಒಂದು ದಿನ ಎಲ್ಲೋರಾ, ದೌಲತಾಬಾದ್. ಇನ್ನೊಂದು ದಿನ ಅಜಂತಾ. ರಜೆ ಉಳಿದಿದ್ದರೆ ಪೈಠಣಕ್ಕೆ ಹೋಗಿ ಸೀರೆ ನೇಯುವುದನ್ನೂ ಅಣೆಕಟ್ಟನ್ನೂ ನೋಡಿ ಬರುವುದು. ಜೀಪು ಗೊತ್ತುಮಾಡಿ ಕಳಿಸುವುದೂ ನನ್ನ ಕೆಲಸವೇ ಆಗಿತ್ತು.

ಈ ದಂಧೆಯಲ್ಲಿ ಎಲ್ಲಕ್ಕಿಂತ ಕಷ್ಟದ್ದು ಎಬ್ಬಿಸುವುದು. ಅಜಂತಾ ದೂರ, ಜೀಪು ನಸುಕಿನಲ್ಲೇ ಬಂದು ನಿಲ್ಲುತ್ತದೆ. ಹುಡುಗರೋ ರಾತ್ರಿಯೆಲ್ಲ ಹರಟಿ ಆಗಷ್ಟೇ ಕಣ್ಣು ಮುಚ್ಚಿರುತ್ತಾರೆ. ಒಬ್ಬನ ಮೊಬೈಲ್ ಅಲಾರಂ ಹೊಡೆದರೆ ಅವನೊಬ್ಬನನ್ನು ಬಿಟ್ಟು ಹಾಲಿನವರೆಲ್ಲ ಏಳುತ್ತಾರೆ! ಅದಕ್ಕೇ ಅಲಾರಂ ಇಡಬಾರದು, ಹೊರಡುವವರನ್ನು ನಾವೇ ಎಬ್ಬಿಸುತ್ತೇವೆ ಎಂದು ನಿಯಮ ಮಾಡಿದ್ದೆ. ನಾನು ಕೂಗಿ ಎಬ್ಬಿಸುವವನಲ್ಲ. ಮಂಚದ ಕಾಲ್ದೆಸೆಯಲ್ಲಿ ನಿಂತು ಹೆಬ್ಬೆರಳು ಹಿಡಿದು ಮೆಲ್ಲಗೆ ಜಗ್ಗುತ್ತಿದ್ದೆ. ನಮ್ಮವ್ವ ನಮ್ಮನ್ನು ಹಾಗೆಯೇ ಎಬ್ಬಿಸುತ್ತಿದ್ದಳು.

ಹಾಲಿನಲ್ಲಿ ರಾತ್ರಿ ಮಲಗುತ್ತಿದ್ದವನು ರೇವಣ, ನನ್ನ ಹೆಂಡತಿ ಜಗದೇವಿಯ ತಮ್ಮ. ಅವಳೇ ಎತ್ತಿ ಆಡಿಸಿ ಬೆಳೆಸಿದವನು. ಓದು ಮುಗಿಸಿ ನಮ್ಮಲ್ಲಿಗೇ ಬಂದು ನಿಂತಿದ್ದ. ಹೊತ್ತಲ್ಲದ ಹೊತ್ತಿನಲ್ಲಿ ಬಸ್ಸಿಳಿದು ಬರುವವರಿಗೆ ಬಾಗಿಲು ತೆಗೆಯುವುದು ಅವನ ಪಾಲಿನ ಕೆಲಸ. ಹೀಗಾಗಿ ನಸುಕಿನಲ್ಲಿ ನಾನು ಮನೆಯಿಂದ ಬಂದು ಬೇರೆಯವರನ್ನೆಲ್ಲ ಎಬ್ಬಿಸಿದರೂ ಅವನನ್ನು ಮಾತ್ರ ಎಬ್ಬಿಸುತ್ತಿರಲಿಲ್ಲ. ಬಾಗಿಲ ಪಕ್ಕದ ಅವನ ಮಂಚದ ಹತ್ತಿರ ಬಂದಾಗ, ಜಾರಿದ ರಗ್ಗನ್ನು ಅವನ ಕಾಲ ಮೇಲೆ ಎಳೆದು, "ಮಲಗ್ಲಿ ಬಿಡು, ರಾತ್ರಿ ತಡ ಆಗ್ಯಾದ" ಎಂದುಕೊಂಡು ಮುಂದೆ ಹೋಗುತ್ತಿದ್ದೆ. ಜಗದೇವಿಗೆ ಇದು ಗೊತ್ತಿತ್ತು. "ನೀವೇ ಅವನ್ನ ತಲಿ ಮ್ಯಾಲ ಕೂಡ್ಸ್ಕೊಂಡೀರಿ. ನಾಳೆ ಲಗ್ನ ಆದ ಮ್ಯಾಲ ಯಾರು ಮಲಗ್ಲಿಕ್ಕ ಬಿಡ್ತಾರ?" ಎಂದು ನನ್ನನ್ನು ಬೈಯುತ್ತಿದ್ದಳು. ಬೈಗುಳದಲ್ಲಿ ಸಂತೋಷವೇ ಹೆಚ್ಚಿರುತ್ತಿತ್ತು.

ಕೆಲವು ವರ್ಷಗಳ ಹಿಂದಿನ ಮಾತು. ಚಳಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಪರೀಕ್ಷೆಯ ದಿನಗಳಾದ್ದರಿಂದ ಹಾಲಿನಲ್ಲಿ ಜನ ಕಡಿಮೆ. ಪುಣೆಯಿಂದ ಹುಡುಗರ ಒಂದೇ ಒಂದು ಗುಂಪು ಬಂದಿತ್ತು. ಅವರಲ್ಲಿ ಸಂತೋಷ ಎಂಬವನು ಕಲಬುರಗಿಯವನು, ಮಿಕ್ಕವರೆಲ್ಲ ಮರಾಠಿ ಹುಡುಗರು. ಕನ್ನಡದವನು ಸಿಕ್ಕನಲ್ಲ ಎಂದು ನಾನೇ ಅವರಿಗೆ ಮಂಚ ತೋರಿಸಿ, ಅಲಾರಂ ನಿಯಮ ಹೇಳಿ, ಮರುದಿನದ ಅಜಂತಾ ಜೀಪನ್ನೂ ಗೊತ್ತುಮಾಡಿದೆ. ಆ ಸಂಜೆಯೇ ನಾನೂ ಜಗದೇವಿಯೂ ನಾಸಿಕದ ಬಸ್ ಹತ್ತಿದೆವು. ಅಲ್ಲಿಯ ಸಾತಪುರದಲ್ಲಿ ಅವಳ ಸೋದರಮಾವ ಕಾರ್ಖಾನೆ ಕೆಲಸದಲ್ಲಿದ್ದರು, ಅವರ ಮಗಳ ನಿಶ್ಚಿತಾರ್ಥ ಇತ್ತು. ಹುಡುಗರನ್ನು ಎಬ್ಬಿಸುವುದನ್ನು ರೇವಣನಿಗೆ ಒಪ್ಪಿಸಿದ್ದೆ. "ನೀವು ಹೋಗಿ ಬರ್ರಿ ಮಾಮಾ, ನಾ ಎಬ್ಬಿಸ್ತೀನಿ" ಎಂದಿದ್ದ. ನಾನು ಊರಲ್ಲಿ ಇರುವುದಿಲ್ಲ ಎಂದು ಹುಡುಗರಿಗೆ ಹೇಳಿರಲಿಲ್ಲ, ಹೇಳುವ ಕಾರಣವೂ ಇರಲಿಲ್ಲ.

ವರ್ಷಗಟ್ಟಲೆ ನಸುಕಿನಲ್ಲಿ ಎದ್ದವನಿಗೆ ಯಾರ ಮನೆಯಲ್ಲಿ ಮಲಗಿದರೂ ಅದೇ ಹೊತ್ತಿಗೆ ಎಚ್ಚರವಾಗುತ್ತದೆ. ಆ ದಿನ ಆಗಲಿಲ್ಲ. ಸಾತಪುರದಲ್ಲಿ ಮೊದಲ ಪಾಳಿಗೆ ಹೋಗುವವರ ಬೈಕುಗಳು ಕಿಟಕಿಯ ಕೆಳಗೇ ಹೊರಟವಂತೆ, ನನಗೆ ಕೇಳಿಸಲಿಲ್ಲ. ಜಗದೇವಿ ಭುಜ ಹಿಡಿದು ಅಲುಗಿಸಿದಳಂತೆ, ಅದೂ ಗೊತ್ತಾಗಲಿಲ್ಲ. ದಣಿದಿದ್ದಾರೆ ಎಂದು ಸುಮ್ಮನಾದಳು. ನಾನು ಎದ್ದಾಗ ಬಿಸಿಲು ಗೋಡೆಗೆ ಬಂದಿತ್ತು. ಒಳ್ಳೆಯ ನಿದ್ದೆ ಮಾಡಿದವನ ಹಗುರ ಮೈಯಲ್ಲಿ ಇರಲಿಲ್ಲ, ಬಹಳ ನಡೆದು ಬಂದವನ ಹಾಗೆ ಕಾಲು ನೋಯುತ್ತಿತ್ತು.

ಎಲ್ಲರೂ ಚಹಾಕ್ಕೆ ಕುಳಿತಿದ್ದೆವು. ಜಗದೇವಿಯ ಫೋನಿಗೆ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಡಾರ್ಮಿಟರಿಯ ಬೋರ್ಡಿನ ಮೇಲೆ ನನ್ನ ನಂಬರಿನ ಕೆಳಗೆ ಅವಳದೂ ಇತ್ತು. ಕಟ್ಟಡಕ್ಕೆ ಬೆಂಕಿ ಬಿದ್ದಿದೆ, ಮಾಲೀಕರೂ ಇನ್ನೊಬ್ಬರೂ ಮೇಲೆ ಸಿಕ್ಕಿಕೊಂಡಿದ್ದಾರೆ ಎಂದು ಯಾರೋ ಹಿಂದಿಯಲ್ಲಿ ಒದರುತ್ತಿದ್ದ. ಜಗದೇವಿ ನನ್ನ ಮುಖ ನೋಡಿದಳು. ಮಾಲೀಕರು ನನ್ನ ಮುಂದೆಯೇ ಕುಳಿತು ಚಹಾ ಕುಡಿಯುತ್ತಿದ್ದಾರೆ, ಬೇರೆ ಯಾರಾದರೂ ಸಿಗುತ್ತಾರಾ ನೋಡು ಎಂದು ಅವನಿಗೆ ಹಿಂದಿಯಲ್ಲೇ ಹೇಳಿ ಫೋನ್ ಇಟ್ಟಳು.

"ನಿಮಗ ಬೆಂಕಿ ಹತ್ಯಾದಂತರಿ. ಆರೂದ್ರಾಗ ಚಹಾ ಕುಡಿರಿ" ಎಂದು ನಕ್ಕಳು.

"ಇನ್ನೊಮ್ಮಿ ಹಚ್ತಾನ ನೋಡವ್ವ, ಆಗ ಓಟಿಪಿ ಕೇಳ್ತಾನ" ಎಂದರು ಅವಳ ಸೋದರಮಾವ.

ನಾವೆಲ್ಲ ನಕ್ಕೆವು. ಮಗ ಪೊಲೀಸರ ಕೈಗೆ ಸಿಕ್ಕಿದ್ದಾನೆ, ಗಂಡನಿಗೆ ಅಪಘಾತವಾಗಿದೆ ಎಂದು ಹೆದರಿಸಿ ಹಣ ಕೀಳುವ ಫೋನುಗಳು ಈಗ ಯಾರಿಗೆ ಬರುವುದಿಲ್ಲ ಹೇಳಿ? ಹೇಳಿದ್ದರಲ್ಲಿ ಅರ್ಧ ಸುಳ್ಳು ನಮ್ಮ ಕಣ್ಣೆದುರೇ ಕುಳಿತಿತ್ತು, ಹಾಗಾಗಿ ಇನ್ನರ್ಧವೂ ಸುಳ್ಳೆಂದುಕೊಂಡೆವು. ಆದರೂ ನಾನು ರೇವಣನಿಗೆ ಫೋನ್ ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ಹುಡುಗರನ್ನು ಕಳಿಸಿ ಮತ್ತೆ ಮಲಗಿರಬೇಕು ಎಂದೆ. ಚಹಾ ಮುಗಿಸಿದೆವು. ಆಮೇಲೆ ಕೆಳಗಿನ ಗಾದಿ ಅಂಗಡಿಯವನ ಫೋನ್ ಬಂತು. ಅವನ ಅಳು ಕೇಳಿದ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ. ನಾವು ನಗದೆ ಕೂಡಲೇ ಹೊರಟಿದ್ದರೂ ರೇವಣ ಉಳಿಯುತ್ತಿರಲಿಲ್ಲ, ಎಲ್ಲ ಅದಕ್ಕೂ ಮೊದಲೇ ಮುಗಿದಿತ್ತು. ಇದನ್ನು ಜಗದೇವಿಗೆ ಎಷ್ಟು ಸಲ ಹೇಳಿದ್ದೇನೋ! ಆ ನಗು ಅವಳನ್ನು ಇವತ್ತಿಗೂ ತಿನ್ನುತ್ತಿದೆ.

ಅವಳ ಸೋದರಮಾವ ಕಾರು ಗೊತ್ತುಮಾಡಿಕೊಟ್ಟರು. ನಾವು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಧ್ಯಾಹ್ನ. ಶವಾಗಾರದ ಮುಂದಿನ ಕಟ್ಟೆಯ ಮೇಲೆ ಪುಣೆಯ ಹುಡುಗರು ಕುಳಿತಿದ್ದರು. ನಾನು ಗೇಟಿನಿಂದ ಒಳಗೆ ಬರುವುದನ್ನು ಮೊದಲು ನೋಡಿದವನು ಸಂತೋಷ. ಎದ್ದು ನಿಂತ. ನಾನು ಹತ್ತಿರ ಹೋದ ಹಾಗೆ ಅವನು ಹಿಂದೆ ಹಿಂದೆ ಸರಿದ. ಅವರಲ್ಲೊಬ್ಬ ಮುಖ ಮುಚ್ಚಿಕೊಂಡು ಜೋರಾಗಿ ಅಳತೊಡಗಿದ.

"ಕಾಕಾ, ನೀವು ಒಳಗ ಇದ್ರಲ್ರಿ" ಎಂದ ಸಂತೋಷ.

"ನಾ ಊರಾಗ ಇದ್ದಿಲ್ಲಪ್ಪ. ನಿನ್ನಿ ಸಂಜೀಕೇ ನಾಸಿಕಕ್ಕ ಹೋಗಿದ್ದೆ."

"ಇಲ್ರಿ ಕಾಕಾ. ನೀವೇ ಬಂದು ಎಬ್ಸಿದ್ರಿ. ನನ್ನ ಕಾಲ ಹೆಬ್ಬೆರಳ ಹಿಡ್ದು ಜಗ್ಗಿದ್ರಿ. ಏಳಪ್ಪ, ಗಾಡಿ ಬರೂ ಹೊತ್ತಾತು ಅಂದ್ರಿ."

ಎಲ್ಲರದೂ ಅದೇ ಮಾತು. ಝೀರೋ ಬಲ್ಬಿನ ಬೆಳಕಿನಲ್ಲಿ ನಾನು ಮಂಚದಿಂದ ಮಂಚಕ್ಕೆ ಹೋಗಿ ಒಬ್ಬೊಬ್ಬರನ್ನೇ ಎಬ್ಬಿಸಿದೆನಂತೆ. ಅವರು ಮುಖ ತೊಳೆದುಕೊಂಡು ಕೆಳಗಿಳಿದು, ಎದುರಿನ ಚಹಾ ಗಾಡಿಯ ಹತ್ತಿರ ನಿಂತರು. ಜೀಪು ಬಂದಿರಲಿಲ್ಲ. ಹೇಳಿದ ಹೊತ್ತಿಗಿಂತ ಬಹಳ ಮೊದಲೇ ಎಬ್ಬಿಸಿದರು ಎಂದು ನನ್ನನ್ನು ಬೈದುಕೊಳ್ಳುತ್ತಿದ್ದಾಗಲೇ ಗಾದಿ ಅಂಗಡಿಯ ಶಟರಿನ ಕೆಳಗಿಂದ ಹೊಗೆ ಬಂತು. ಮೀಟರ್ ಪೆಟ್ಟಿಗೆಯಲ್ಲಿ ಕಿಡಿ ಹೊತ್ತಿತ್ತಂತೆ. ಹತ್ತಿ, ಫೋಮು ತುಂಬಿದ ಅಂಗಡಿ. ನೋಡುನೋಡುತ್ತಿದ್ದಂತೆ ಮೆಟ್ಟಿಲೆಲ್ಲ ಕಪ್ಪು ಹೊಗೆ. ಸಂತೋಷನೂ ಇನ್ನೊಬ್ಬನೂ ಮೇಲೆ ಹೋಗಲು ನೋಡಿ ಉಸಿರು ಕಟ್ಟಿ ಹಿಂದಕ್ಕೆ ಬಂದರು. ಮೇಲೆ ಇಬ್ಬರಿದ್ದಾರೆ, ಕಾಕಾ ಇದ್ದಾರೆ ಎಂದು ಕೂಗಿಕೊಂಡವರು ಅವರೇ. ಅವರ ಮಾತು ಕೇಳಿದ ಯಾರೋ ನಮಗೆ ಫೋನ್ ಮಾಡಿದ್ದು ಹೊತ್ತೇರಿ, ಹೊಗೆ ತಿಳಿಯಾಗಿ ಬೋರ್ಡು ಕಂಡ ಮೇಲೆ. ಬೆಂಕಿ ಆರಿಸುವವರು ರೇವಣನನ್ನು ಇಳಿಸಿದ ಮೇಲೂ ನನಗಾಗಿ ಮತ್ತೆ ಒಳಗೆ ಹೋಗಿ ಮೂಲೆಮೂಲೆ ಹುಡುಕಿದ್ದರು.

ಬೆಂಕಿ ಆರಿಸಿದವರಲ್ಲಿ ಶವದ ಜೊತೆ ಆಸ್ಪತ್ರೆಗೆ ಬಂದಿದ್ದ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಮರಾಠಿಯಲ್ಲಿ ಸಮಾಧಾನ ಹೇಳಿದರು. ಹುಡುಗ ನರಳಲಿಲ್ಲ, ಹೊಗೆ ನಿದ್ದೆಯಲ್ಲೇ ಹೊಡೆದಿದೆ, ಮಂಚ ಬಿಟ್ಟು ಎದ್ದೇ ಇಲ್ಲ, ಕಾಲ ಮೇಲೆ ರಗ್ಗು ಹೊದ್ದಂತೆಯೇ ಇತ್ತು ಎಂದರು.

ರಗ್ಗು ಎಂಬ ಮಾತು ಕಿವಿಗೆ ಬಿದ್ದದ್ದೇ ಸಂತೋಷ ಬಾಯಿಬಿಟ್ಟ. ಅವನು ಅದನ್ನು ಹೇಳದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ಪಾಪ, ಅವನಿಗೇನು ಗೊತ್ತು!

"ಆ ಅಣ್ಣಗ ನಾ ಎಬ್ಬಿಸ್ಲಿ ಏನ್ರಿ ಅಂತ ಕೇಳ್ದೆ ಕಾಕಾ. ನೀವು ಬ್ಯಾಡ ಅಂತ ಕೈ ಮಾಡಿದ್ರಿ. ಅವರ ಕಾಲ ಮ್ಯಾಲ ರಗ್ಗ ಎಳ್ದು, ಮಲಗ್ಲಿ ಬಿಡು, ರಾತ್ರಿ ಅಂವಗ ತಡ ಆಗ್ಯಾದ ಅಂದ್ರಿ."

ಜಗದೇವಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಅಲ್ಲಿಯವರೆಗೆ ಗೋಡೆ ಹಿಡಿದು ಅಳುತ್ತಿದ್ದವಳು ಅಳು ನಿಲ್ಲಿಸಿದಳು. ನಿಧಾನವಾಗಿ ನನ್ನ ಕಡೆ ತಿರುಗಿದಳು. ಮದುವೆಯಾದಾಗಿನಿಂದ ಅವಳು ನನ್ನನ್ನು ಹಾಗೆ ನೋಡಿದ್ದಿಲ್ಲ.

"ಎಲ್ಲಾರ್ಗೂ ಎಬ್ಸಿದ್ರಿ. ನನ್ನ ತಮ್ಮಗ ಯಾಕ ಬಿಟ್ರಿ?" ಎಂದಳು.

ರೇವಣನನ್ನು ಊರಿಗೆ ಒಯ್ದು ಮಣ್ಣು ಮಾಡಿದೆವು. ವಾಪಸು ಬಂದ ಮೇಲೆ ಪೊಲೀಸರು ನನ್ನ ಹೇಳಿಕೆ ತೆಗೆದುಕೊಂಡರು. ಅವರ ಲೆಕ್ಕ ಸರಳವಾಗಿತ್ತು: ಎಬ್ಬಿಸಿದವನು ರೇವಣನೇ, ಎಬ್ಬಿಸಿ ಮತ್ತೆ ಮಲಗಿದ, ನಿದ್ದೆಗಣ್ಣಿನ ಹುಡುಗರು ತಪ್ಪು ತಿಳಿದರು. ನಾನೂ ಹಾಗೆಯೇ ಇರಲಿ ಎಂದು ಬಹಳ ಆಸೆಪಟ್ಟೆ. ಆದರೆ ರೇವಣ ಜೋಳದ ದಂಟಿನ ಹಾಗೆ ಎತ್ತರ, ಸಣಕಲು. ನಾನು ಕುಳ್ಳ, ಹೊಟ್ಟೆ ನನಗಿಂತ ಮೊದಲು ಬಾಗಿಲು ದಾಟುತ್ತದೆ. ಎಬ್ಬಿಸುತ್ತಿದ್ದವರನ್ನೂ ಮಲಗಿದ್ದವನನ್ನೂ ಒಟ್ಟಿಗೇ ನೋಡಿದ್ದೇವೆ ಎಂದು ಹುಡುಗರೆಲ್ಲ ಹೇಳುತ್ತಾರೆ. ಬೇರೆಲ್ಲ ಬಿಡಿ. ನಾನು ರಗ್ಗು ಎಳೆಯುವುದೂ, ಎಳೆಯುವಾಗ ಆ ಮಾತನ್ನೇ ಆಡುವುದೂ ಒಂದೇ ಒಂದು ರಾತ್ರಿ ಅಲ್ಲಿ ಮಲಗಿದ ಸಂತೋಷನಿಗೆ ಹೇಗೆ ಗೊತ್ತಾಗಬೇಕು? ಎದುರಿನ ಚಹಾ ಗಾಡಿಯವನು ನನ್ನನ್ನು ಚೆನ್ನಾಗಿ ಬಲ್ಲವನು. ನಾನು ಮೆಟ್ಟಿಲು ಹತ್ತಿದ್ದನ್ನಾಗಲಿ ಇಳಿದದ್ದನ್ನಾಗಲಿ ಅವನು ನೋಡಿಲ್ಲ.

ಅಷ್ಟು ಮಕ್ಕಳು ಉಳಿದರಲ್ಲ, ಯಾವುದೋ ಒಳ್ಳೆಯ ಶಕ್ತಿ ನಿಮ್ಮ ರೂಪದಲ್ಲಿ ಬಂತು ಎಂದು ಮಠದ ಅಯ್ಯನವರು ಹೇಳಿದರು. ಸಂತೋಷನ ತಾಯಿ ಕಲಬುರಗಿಯಿಂದ ಬಂದು ನನ್ನ ಕಾಲಿಗೆರಗಿದಳು. ನನಗೆ ಆಗ ಆದದ್ದು ಬರೀ ಸಂಕಟ, ಕಾಲು ಹಿಂದಕ್ಕೆ ಎಳೆದುಕೊಂಡೆ. ಒಳ್ಳೆಯ ಶಕ್ತಿಯಾಗಿದ್ದರೆ ಅದಕ್ಕೆ ಬೆಂಕಿ ಬೀಳುವುದು ಗೊತ್ತಿರಬೇಕಿತ್ತು. ಗೊತ್ತಿದ್ದರೆ ರೇವಣನನ್ನು ಯಾಕೆ ಬಿಟ್ಟಿತು? ಗೊತ್ತಿರದಿದ್ದರೆ ಹುಡುಗರನ್ನು ಅಷ್ಟು ಬೇಗ ಯಾಕೆ ಎಬ್ಬಿಸಿತು? ಇದನ್ನು ಯೋಚಿಸಿ ಯೋಚಿಸಿ ನನ್ನ ತಲೆ ಕೆಟ್ಟದ್ದೇ ಬಂತು, ಯಾವ ತುದಿಯೂ ಸಿಗಲಿಲ್ಲ. ಆ ಹಾಲನ್ನು ನಾನು ಮತ್ತೆ ತೆರೆಯಲಿಲ್ಲ.

ಜಗದೇವಿ ಈಗಲೂ ಕೇಳುತ್ತಾಳೆ. ಸಿಟ್ಟಿನಿಂದಲ್ಲ. ರೊಟ್ಟಿ ಬಡಿಯುತ್ತಾ ಕೈ ನಿಲ್ಲಿಸಿ, ಇಲ್ಲವೇ ಬಟ್ಟೆ ಮಡಿಸುತ್ತಾ, "ಅವನ್ನೊಬ್ಬನ್ನ ಯಾಕ ಬಿಟ್ರಿ?" ಎನ್ನುತ್ತಾಳೆ. ಆ ನಸುಕಿನಲ್ಲಿ ನಾನು ಸಾತಪುರದಲ್ಲಿ ಮಲಗಿದ್ದೆ ಎಂಬುದಕ್ಕೆ ಅವಳಿಗಿಂತ ದೊಡ್ಡ ಸಾಕ್ಷಿ ಇಲ್ಲ, ನನ್ನ ಭುಜ ಅಲುಗಿಸಿ ನೋಡಿದವಳು ಅವಳೇ. "ನಾ ಅಲ್ಲಿ ಇದ್ದಿಲ್ಲ" ಎಂದುಬಿಡಬಹುದು. ಆದರೆ ಹಾಗೆ ಅನ್ನುವುದಿಲ್ಲ. ಯಾಕೆಂದರೆ ನಾನು ನಿಜವಾಗಿ ಅಲ್ಲಿದ್ದಿದ್ದರೂ ಅವನನ್ನು ಎಬ್ಬಿಸುತ್ತಿರಲಿಲ್ಲ. ಅದು ಅವಳಿಗೂ ಗೊತ್ತು.

"ತಪ್ಪಾತು, ಜಗದೇವಿ" ಎನ್ನುತ್ತೇನೆ. ಅವಳು ತಲೆಯಾಡಿಸಿ ಮತ್ತೆ ಕೆಲಸಕ್ಕೆ ಹತ್ತುತ್ತಾಳೆ. ಆ ತಪ್ಪನ್ನು ಯಾರ ಪರವಾಗಿ ಒಪ್ಪಿಕೊಳ್ಳುತ್ತಿದ್ದೇನೆ ಎಂಬುದು ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ.