ಜೇನುಬಣ್ಣಕ್ಕೆ ತಿರುಗಿದ ಹರಳು

ಹೈದರಾಬಾದಿನ ನಾಚಾರಂನಲ್ಲಿದ್ದ ನಮ್ಮ ಪುಟ್ಟ ಕಾರ್ಖಾನೆಯಲ್ಲಿ ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರಗಳಿಗಾಗಿ ಹರಳು ಬೆಳೆಸುತ್ತಿದ್ದೆವು. ನೋಡಲು ದಪ್ಪ ಗಾಜಿನ ಬಿಲ್ಲೆ, ಅಷ್ಟೇ. ಆದರೆ ವಿಕಿರಣ ತಾಗಿದರೆ ಒಳಗೊಳಗೇ ಮಿಣುಕುತ್ತದೆ. ಆ ಮಿಣುಕಿನಿಂದಲೇ ಯಂತ್ರಕ್ಕೆ ಕಣ್ಣು. ಬೆಳಕು ಅಳೆಯುವುದು ನನ್ನ ಕೆಲಸ. ನಮ್ಮ ಯಜಮಾನರು ಬೀದರ್ ಕಡೆಯವರು. ಗಿರಾಕಿಗಳೊಡನೆ ಹಿಂದಿ, ತೆಲುಗು. ನನ್ನನ್ನು ಬೈಯಲು ಮಾತ್ರ ಕನ್ನಡ.

ಹರಳು ಎಷ್ಟು ತಾಳುತ್ತದೆಂದು ನೋಡಲು ಒಮ್ಮೆ ಒಂದನ್ನು ಜೋರು ಗಾಮಾ ಕಿರಣಕ್ಕೆ ಒಡ್ಡಿಸಿ ತಂದೆ. ನೀರಿನಂತೆ ತಿಳಿಯಾಗಿದ್ದದ್ದು ಜೇನಿನ ಬಣ್ಣಕ್ಕೆ ತಿರುಗಿತ್ತು.

"ಏನ್ ಚಂದ ಆಗೇತ್ರೀ!" ಯಜಮಾನರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಕೆಟ್ಟೈತ್ರಿ ಸಾಹೇಬ್ರ. ಒಳಗ ಎಲೆಕ್ಟ್ರಾನ್ ಜಾಗಾ ಬಿಟ್ಟು ಎಲ್ಲೆಲ್ಲೋ ಸಿಕ್ಕೊಂಡಾವು. ತಾ ಕೊಡೋ ಬೆಳಕು ತಾನ ನುಂಗಾಕತ್ತೈತಿ."

"ಚಂದ ಕಂಡದ್ದೆಲ್ಲಾ ನಿಮಗ ರೋಗಾನ ನೋಡ್ರಿ."

ಮರುದಿನ ಅದು ಮುಂದಿನ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ, ಕೆಂಪು ಮಖಮಲ್ಲಿನ ಮೇಲೆ, 'ವಿಶೇಷ ದರ್ಜೆ' ಎಂಬ ಫಲಕದೊಡನೆ ವಿರಾಜಮಾನವಾಗಿತ್ತು. ಅಲ್ಲಿ ಫೋನ್ ಎತ್ತುವ ಹುಡುಗಿ ತನ್ನ ಕುರ್ಚಿಯನ್ನು ಬಾಗಿಲಿನತ್ತ ಎಳೆದುಕೊಂಡಳು. ಗಾಮಾ ತಾಗಿದ ಮಾತ್ರಕ್ಕೆ ಹರಳೇ ವಿಕಿರಣ ಸೂಸುವುದಿಲ್ಲ ಎಂದು ವಿವರಿಸಿದೆ. ಗಂಭೀರವಾಗಿ ತಲೆದೂಗಿ, ಗಾಜಿನ ಪೆಟ್ಟಿಗೆಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು.

ಅದೇ ವಾರ ಸ್ಕ್ಯಾನಿಂಗ್ ಯಂತ್ರ ಮಾಡುವ ಕಂಪನಿಯಿಂದ ಎಂಜಿನಿಯರ್ ಮೇಡಂ ಒಬ್ಬರು ಬಂದರು. ಯಜಮಾನರು ಅವರನ್ನು ನೇರ ಮಖಮಲ್ಲಿನ ಮುಂದೆ ನಿಲ್ಲಿಸಿದರು.

"ಇದರ ಬೆಳಕು ಎಷ್ಟಿದೆ?" ಮೇಡಂ ಹಿಂದಿಯಲ್ಲಿ ಕೇಳಿದರು.

ಯಜಮಾನರು ನನ್ನತ್ತ ನೋಡಿದರು. "ತಿಳಿ ಹರಳಿನ ಅರ್ಧ. ಕಿರಣ ಬಡಿದು ಕೆಟ್ಟಿದೆ," ಎಂದೆ.

ಯಜಮಾನರು ರೆಪ್ಪೆ ಮಿಟುಕಿಸಲಿಲ್ಲ. "ನಾವು ದೋಷ ಮುಚ್ಚಿಡೋರಲ್ಲ ಮೇಡಂ. ಅದಕ್ಕೇ ಎಲ್ಲರಿಗೂ ಕಾಣುವಂತೆ ಇಟ್ಟಿದ್ದೇವೆ."

ಮೇಡಂ ಹಿಗ್ಗಿಹೋದರು. ಕೆಟ್ಟ ಹರಳನ್ನು ತಾನಾಗಿಯೇ ತೋರಿಸಿದ ಕಾರ್ಖಾನೆಯನ್ನು ಅವರು ಕಂಡೇ ಇರಲಿಲ್ಲವಂತೆ. ಕಾಯಿಸಿದರೆ ಸುಧಾರಿಸುತ್ತದೆಯೇ ಎಂದು ಕೇಳಿದರು. ಓವನ್ನಿನಲ್ಲಿ ನಿಧಾನವಾಗಿ ಕಾಯಿಸಿ, ಆರಿಸಿ, ಮರುದಿನ ಅಳೆದು ತೋರಿಸಿದೆ. ಸಿಕ್ಕಿಬಿದ್ದ ಎಲೆಕ್ಟ್ರಾನುಗಳು ಬಿಡಿಸಿಕೊಂಡಿದ್ದವು. ಬೆಳಕು ಬಹುಪಾಲು ಮರಳಿತ್ತು. ಆರ್ಡರ್ ನಮಗೇ ಆಯಿತು.

ಖುಷಿಯಿಂದ ಹೊರಬಂದರೆ ಯಜಮಾನರು ಮತ್ತೆ ತಿಳಿಯಾದ ಆ ಹರಳನ್ನು ಕೈಯಲ್ಲಿ ತಿರುವುತ್ತ ಜೋಲು ಮೋರೆ ಹಾಕಿಕೊಂಡು ಕೂತಿದ್ದರು.

"ಬಣ್ಣಾನ ಹೋತಲ್ರೀ. ನಮ್ಮ ಮನಿಯಾಕಿ ಕೊರಳಿಗೆ ಅದರ ಪದಕ ಮಾಡಿಸ್ಬೇಕಂತಿದ್ಲು. ಮತ್ತೊಂದು ಕೆಡಿಸ್ಕೊಂಡು ಬರ್ರಿ."