ಡಾಕ್ಟರನ್ನು ಹಿಂದಿನಿಂದ ಕರೆದವರು

ದೇವರನ್ನು ನಂಬುವವಳು ನಾನು. ಆದರೆ ಯಾರಿಗೋ ಏನೋ ಕೇಳಿಸಿತು, ಕಾಣಿಸಿತು ಎಂಬ ಮಾತುಗಳನ್ನು ನಂಬುತ್ತಿರಲಿಲ್ಲ. ನಿದ್ದೆ ಸಾಲದ್ದಕ್ಕೆ ಹಾಗಾಗುತ್ತದೆ ಎಂದು ನಗುತ್ತಿದ್ದೆ. ಈಗ ನಗುವುದಿಲ್ಲ.

೨೦೦೬ರಲ್ಲೋ ಏಳರಲ್ಲೋ, ನಾವು ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ ರೆಂಟಿಗಿದ್ದೆವು. ಹದಿನೇಳರ ಮಗ ನಿತಿನ್‌ಗೆ ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿಯ ಹುಚ್ಚು. ಟೀಮಿನ ಡಾಕ್ಟರ್ ಗ್ರೆಗ್ ಕೆನಡಾದವರು. ಹಿಂದೆ ಸಂಬಳಕ್ಕೆ ಅದೇ ಆಟ ಆಡುತ್ತಿದ್ದವರು. ಮಂಡಿ ಹೋದ ಮೇಲೆ ಪುಸ್ತಕ ಹಿಡಿದು ಡಾಕ್ಟರಾದರು. ಮುಂದಿನ ಎರಡು ಹಲ್ಲಿಲ್ಲದ ಡಾಕ್ಟರನ್ನು ನಾನು ನೋಡಿದ್ದು ಅವರೊಬ್ಬರನ್ನೇ.

ಫೈನಲ್ ಸಿಡ್ನಿಯಲ್ಲಿ. ಅಲ್ಲಿಯೇ ಪೆಂಡಲ್ ಹಿಲ್‌ನಲ್ಲಿದ್ದ ಗೆಳತಿ ವಸಂತಿಯ ಜೊತೆ ಕೂತು ನೋಡುತ್ತಿದ್ದೆ. ನಿತಿನ್ ಜೋರಾಗಿ ಜಾರುತ್ತ ಬಂದು ಅಂಚಿನ ಹಲಗೆಗೆ ಅಪ್ಪಳಿಸಿದ. ಡಾಕ್ಟರು ವಿಚಾರಿಸಿದರೆ "ಐ ಆಮ್ ಫೈನ್" ಎಂದ. ಅವರು ಹಣೆ ಒಡೆದುಕೊಂಡ ಇನ್ನೊಬ್ಬನಿಗೆ ಹೊಲಿಗೆ ಹಾಕಲು ಒಳಗೆ ಹೊರಟರು. ಇವನು ಮತ್ತೆ ಐಸಿಗಿಳಿಯಲು ಎದ್ದ. ಕೆಳತುಟಿ ಕಚ್ಚಿಕೊಂಡಿದ್ದ. ನೋವು ಮುಚ್ಚಿಡುವಾಗ ಚಿಕ್ಕಂದಿನಿಂದಲೂ ಹಾಗೆಯೇ.

ಡಾಕ್ಟರನ್ನು ಕೂಗಬೇಕು. ಬಾಯಿ ಬರಲಿಲ್ಲ. ಹೊರಟವರನ್ನು ಹಿಂದಿನಿಂದ ಕರೆಯಬಾರದು ಎಂದು ಉಡುಪಿಯಲ್ಲಿ ಅಮ್ಮ ಕಲಿಸಿದ್ದಳು. ಹಾಳಾದ ಅಭ್ಯಾಸ ನಾಲಿಗೆ ಹಿಡಿಯಿತು. ಕೃಷ್ಣಾ ಎಂದು ಮನಸ್ಸಲ್ಲೇ ಅಂದೆ, ಅಷ್ಟೆ.

ಬಾಗಿಲು ದಾಟುತ್ತಿದ್ದ ಡಾಕ್ಟರು ಗಕ್ಕನೆ ನಿಂತರು. ತಿರುಗಿ, ಗಾಜಿನಾಚೆ ಕೂತ ನನ್ನನ್ನೇ ನೋಡಿದರು. ಆಮೇಲೆ ಮಗನನ್ನು. ಕುಂಟುಗಾಲಲ್ಲೇ ಓಡಿ ಬಂದು ಅವನ ಜೆರ್ಸಿ ಹಿಡಿದೆಳೆದರು, ಹೊಟ್ಟೆ ಒತ್ತಿ ನೋಡಿದರು, ಆಂಬುಲೆನ್ಸ್ ಕರೆಸಿದರು. ಒಳಗೆ ಗುಲ್ಮ, ಅಂದರೆ ಸ್ಪ್ಲೀನ್, ಹರಿದು ರಕ್ತ ಸೋರುತ್ತಿತ್ತು. ಇನ್ನೊಂದು ಪೆಟ್ಟು ಬಿದ್ದಿದ್ದರೆ ಹುಡುಗ ಉಳಿಯುತ್ತಿರಲಿಲ್ಲ ಎಂದರು ಆಪರೇಷನ್ ಮಾಡಿದವರು.

ಮರುದಿನ ವಾರ್ಡಿಗೆ ಬಂದ ಗ್ರೆಗ್, "ನೀವು ಕರೆದದ್ದು ಒಳ್ಳೆಯದಾಯಿತು. ಆದರೆ ಆ ಹೆಸರು ನಿಮಗೆ ಹೇಗೆ ಗೊತ್ತು?" ಎಂದರು.

"ಯಾವ ಹೆಸರು? ನಾನು ಕರೆಯಲೇ ಇಲ್ಲ."

"ಪಿಪ್. ಕಿವಿಯ ಹತ್ತಿರವೇ, ಹೆಂಗಸಿನ ದನಿ. ನನ್ನನ್ನು ಹಾಗೆ ಕರೆಯುತ್ತಿದ್ದದ್ದು ನನ್ನ ಅಮ್ಮ ಮಾತ್ರ. ಅವಳು ಹೋಗಿ ಒಂಬತ್ತು ವರ್ಷವಾಯಿತು."

ವಸಂತಿ ನಡುವೆ ಬಾಯಿ ಹಾಕಿದಳು: "ಇವಳು ತುಟಿ ಬಿಚ್ಚಲಿಲ್ಲ, ನಾನೇ ಸಾಕ್ಷಿ. ಬೇರೆ ಹೊತ್ತಲ್ಲಿ ಸುಮ್ಮನಿರು ಮಾರಾಯ್ತಿ ಅಂದರೂ ಕೇಳುವವಳಲ್ಲ!"

ಅಷ್ಟರಲ್ಲಿ ಹುಡುಗರು ಗೆದ್ದ ಕಪ್ ಹೊತ್ತು ವಾರ್ಡಿಗೇ ನುಗ್ಗಿದರು. ನರ್ಸ್ ಬೈಯುತ್ತಲೇ ಫೋಟೋ ತೆಗೆದಳು. ಮುಂದಿನ ವರ್ಷ ಮಗ ಗೋಲು ಹೊಡೆದದ್ದನ್ನೂ ಕಣ್ಣಾರೆ ಕಂಡೆ. ಇನ್ನೇನು ಬೇಕು ನನಗೆ?

ಕರೆದವರು ಯಾರು, ಇವತ್ತಿಗೂ ಗೊತ್ತಿಲ್ಲ. ಅವರ ಅಮ್ಮನಾದರೆ, ನನ್ನ ಮಗ ಆಕೆಗೆ ಏನಾಗಬೇಕು? ಕೃಷ್ಣನಾದರೆ, ಹೆಂಗಸಿನ ದನಿ ಯಾಕೆ? ಆದರೆ ಅಂದಿನಿಂದ ಮಗ ಮ್ಯಾಚಿಗೆ ಹೊರಟಾಗಲೆಲ್ಲ ಬೇಕೆಂದೇ ಹಿಂದಿನಿಂದ ಕರೆಯುತ್ತೇನೆ. "ವಾಟ್, ಅಮ್ಮಾ?" ಎಂದು ತಿರುಗುತ್ತಾನೆ. ತುಟಿ ನೋಡಿ, "ಏನಿಲ್ಲ, ಹೋಗಿ ಬಾ" ಎನ್ನುತ್ತೇನೆ.