ಮೊದಲು ನೀರು, ಆಮೇಲೆ ಕತ್ತರಿ

ಜುಲೈ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಆರೂವರೆ. ವಿನೋಬನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಹಾಜರಿದ್ದವರು ಮೂವರು: ನಾನು, ನನ್ನ ಹೆಂಡತಿ, ಮೊಮ್ಮಗಳು. ನಡುವೆ ಚಾಪೆಯ ಮೇಲೆ ಒಂದು ಹೊಸ ಜೀನ್ಸ್ ಪ್ಯಾಂಟು.

ಮರುದಿನ ಏಳು ಗಂಟೆಗೆ ಮೊಮ್ಮಗಳು ಹರಿಹರದ ಕಾರ್ಖಾನೆಯೊಂದರಲ್ಲಿ ಕಬ್ಬಿಣ ಕಡೆಯುವ ಲೇತ್ ಮಷೀನಿನ ಮುಂದೆ ನಿಲ್ಲಬೇಕಿತ್ತು. ಡಿಪ್ಲೊಮಾ ಮುಗಿಸಿ ಸಿಕ್ಕ ಮೊದಲ ಕೆಲಸ. ಆ ವಿಭಾಗಕ್ಕೆ ಬರುವ ಮೊದಲ ಹೆಣ್ಣುಮಗಳೂ ಅವಳೇ. ದುಪಟ್ಟಾ ಕೂಡದು, ದಪ್ಪ ಪ್ಯಾಂಟು ಬೇಕು, ಪಾದದ ಬಳಿ ಹೊರಕ್ಕೆ ಮಡಿಸಿರಬಾರದು ಎಂದು ಮೊದಲೇ ತಿಳಿಸಿದ್ದರು. ಮಡಿಕೆಯೊಳಗೆ ಕಾದ ಕಬ್ಬಿಣದ ಚೂರು ಬಿದ್ದರೆ ಕಾಲು ಸುಡುತ್ತದೆ. ತಂದ ಪ್ಯಾಂಟು ಅವಳ ಅಳತೆಗಿಂತ ನಾಲ್ಕು ಬೆರಳು ಉದ್ದ. ಟೈಲರ್ ಅಂಗಡಿಗೆ ಭಾನುವಾರ ರಜೆ.

"ಕತ್ತರಿಸಿ ಹೊಲಿದುಬಿಡು ಅಜ್ಜ, ಹತ್ತು ನಿಮಿಷದ ಕೆಲ್ಸ."

"ಬ್ಯಾಡ. ಹತ್ತಿ ಬಟ್ಟೆ ಅದು. ಮೊದಲು ನೀರು, ಆಮೇಲೆ ಕತ್ತರಿ."

"ಮೋಡ ಐತೆ. ಒಣಗದಿದ್ರೆ ನಾಳೆ ಏನು ಹಾಕ್ಕೊಂಡು ಹೋಗ್ಲಿ? ನಿನ್ನ ಪಂಚೆನಾ?"

ಅವಳ ಭಯ ಸುಳ್ಳಲ್ಲ, ಇನ್ನೊಂದು ಪ್ಯಾಂಟು ಇರಲಿಲ್ಲ. ಆದರೆ ನಾನು ಮೂವತ್ತು ವರ್ಷ ಇದೇ ಊರಿನ ಹತ್ತಿ ಗಿರಣಿಯಲ್ಲಿ ಮಗ್ಗ ನಡೆಸಿದವನು. ನೀರು ಕಾಣದ ಬಟ್ಟೆಯ ಅಳತೆಯನ್ನು ಎಂದೂ ನಂಬಿದವನಲ್ಲ.

ಬಕೆಟ್ಟಿನಲ್ಲಿ ನೆನೆಹಾಕಿದೆ. ಕೆಲಸ ಒಂದೇ ಸಲಕ್ಕೆ ಮುಗಿಯಲೆಂದು ನನ್ನ ಬಿಳಿ ಪಂಚೆಯನ್ನೂ ಅದರಲ್ಲೇ ಅದ್ದಿದೆ. ಅರ್ಧ ಗಂಟೆಯ ನಂತರ ಎತ್ತಿದರೆ ಪಂಚೆ ಪೂರ್ತಿ ನೀಲಿ.

"ಏನ್ರೀ, ಮೂವತ್ತು ವರ್ಷ ಬಟ್ಟೆ ನೇಯ್ದೋರು! ಬಣ್ಣ ಬಿಡ್ತತೆ ಅಂತ ನನ್ನ ಕೇಳಿದ್ರೆ ಹೇಳ್ತಿರಲಿಲ್ವಾ?" ಎಂದು ಹೆಂಡತಿ ನಕ್ಕಳು. ನಮ್ಮ ಮಗ್ಗಗಳ ಮೇಲೆ ಬಂದದ್ದೆಲ್ಲ ಬಿಳಿ ನೂಲೇ. ಬಣ್ಣದ ಬಟ್ಟೆಯ ಗುಣ ನನ್ನ ಕೈಗೆ ಗೊತ್ತಿರಲಿಲ್ಲ.

ಪ್ಯಾಂಟನ್ನು ಒಳಮೈ ಮೇಲೆ ಮಾಡಿ, ಟವೆಲಿನಲ್ಲಿ ಸುತ್ತಿ ಹಿಂಡಿ, ಫ್ಯಾನಿನ ಕೆಳಗೆ ಹರವಿದೆ. ಆಗಲೇ ನಾನು ಜೀನ್ಸ್ ಬಟ್ಟೆಯನ್ನು ಮೊದಲ ಬಾರಿ ಸರಿಯಾಗಿ ನೋಡಿದ್ದು. ನಮ್ಮ ಕಾಲದಲ್ಲಿ ಟಾಕೀಸಿನ ಮುಂದೆ ಕಾಲಹರಣ ಮಾಡುವ ಪೋಲಿ ಹುಡುಗರ ಉಡುಪು ಎಂದು ಅದನ್ನು ಬೈದವನು ನಾನು. ಮಗ ಕಾಲೇಜಿಗೆ ಒಂದು ಕೇಳಿದಾಗ ಮನೆಯೊಳಗೆ ತರಬೇಡ ಎಂದಿದ್ದೆ. ಈಗ ಬೆರಳಿಟ್ಟು ಎಣಿಸಿದೆ. ಉದ್ದಕ್ಕೆ ಓಡುವ ನೀಲಿ ಹಾಸುನೂಲು ಅಡ್ಡಕ್ಕಿರುವ ಮೂರು ಬಿಳಿ ಹೊಕ್ಕುನೂಲಿನ ಮೇಲೆ ಹಾದು ಒಂದರ ಕೆಳಗೆ ಇಳಿಯುತ್ತದೆ. ಅದಕ್ಕೇ ಹೊರಗೆ ನೀಲಿ, ಒಳಗೆ ಬಿಳುಪು, ಮೈತುಂಬ ಓರೆ ಗೆರೆ. ಗಿರಣಿಯಲ್ಲಿ ನಾವು ತೊಡುತ್ತಿದ್ದ ಖಾಕಿ ಚಡ್ಡಿಯ ಮೇಲೂ ಇಂಥದೇ ಗೆರೆ ಇತ್ತು.

"ಜೇಬಿನ ಮೂಲೆಗೆ ಈ ತಾಮ್ರದ ಗುಂಡಿ ಯಾಕ?" ಎಂದು ಕೇಳಿದೆ.

"ಹೊಲಿಗೆ ಕಿತ್ತು ಹೋಗಬಾರದು ಅಂತ ಅಜ್ಜ. ಅಮೆರಿಕಾದಾಗೆ ಗಣಿ ಕೆಲಸದೋರಿಗೆ ಅಂತ ಹೊಲಿದಿದ್ದು ಇದು. ಫ್ಯಾಷನ್ ಆಗಿದ್ದು ಆಮೇಲೆ."

ಕೂಲಿಕಾರನ ಬಟ್ಟೆ! ಇಷ್ಟು ವರ್ಷ ನಮ್ಮವರ ಬಟ್ಟೆಯನ್ನೇ ನಾನು ಬೈದಿದ್ದೆ.

ಮೂರೂವರೆಗೆ ಪ್ಯಾಂಟು ಒಣಗಿತು. ಅಳೆದರೆ ಒಂದೂವರೆ ಬೆರಳು ಕುಗ್ಗಿತ್ತು. ಬೆಳಿಗ್ಗೆಯೇ ಕತ್ತರಿಸಿದ್ದರೆ ಮುಂದಿನ ಒಗೆತಕ್ಕೆ ಗಿಡ್ಡವಾಗಿ ಕಾಲಿನ ಹರಡು ಕಾಣುತ್ತಿತ್ತು. ಮೊಮ್ಮಗಳು ಟೇಪು ಕಸಿದುಕೊಂಡು ತಾನೂ ಒಮ್ಮೆ ಅಳೆದಳು.

"ಆಯ್ತು ಮಾಸ್ತರೇ, ಗೆದ್ರಿ," ಎಂದಳು.

ಹೆಚ್ಚಿನ ಬಟ್ಟೆ ಕತ್ತರಿಸಿ, ಅಂಚನ್ನು ಒಳಕ್ಕೆ ಮಡಚಿ ಹೊಲಿಯಲು ಕೂತೆವು. ಹೊಲಿಗೆ ಮಷೀನು ಹೆಂಡತಿಯದು. ಪಕ್ಕದ ದಪ್ಪ ಹೊಲಿಗೆಯ ಬಳಿ ಮೊದಲ ಸೂಜಿ ಮುರಿಯಿತು. ಆ ಜಾಗವನ್ನು ಒರಳುಕಲ್ಲಿನ ಅಂಚಿನ ಮೇಲಿಟ್ಟು ಸುತ್ತಿಗೆಯಿಂದ ತಟ್ಟಿ ತಟ್ಟಿ ತೆಳುವಾಗಿಸಿ, ದಪ್ಪ ಸೂಜಿ ಹಾಕಿದೆ. ಮೊಮ್ಮಗಳು ಚಕ್ರ ತಿರುಗಿಸಿದಳು, ನಾನು ಬಟ್ಟೆ ನಡೆಸಿದೆ. ಎರಡು ಕಾಲಲ್ಲೂ ಹೊಲಿಗೆಯ ಸಾಲು ತಪ್ಪಲಿಲ್ಲ.

ಹೊಸ ಬಟ್ಟೆಗೆ ಅರಿಶಿನ ಹಚ್ಚದೆ ನಮ್ಮಲ್ಲಿ ಯಾರೂ ಉಡುವುದಿಲ್ಲ. ಹೆಂಡತಿ ಅಂಚಿನ ಒಳಗೆ ಬೆರಳಿನಿಂದ ಚುಕ್ಕೆ ಇಟ್ಟು ದೇವರ ಮುಂದೆ ಇರಿಸಿ ಕೊಟ್ಟಳು. ಮೊಮ್ಮಗಳು ತೊಟ್ಟು ಬಂದು ಬೂಟು ಹಾಕಿ ನಿಂತಳು. ಅಂಚು ಬೂಟಿನ ಮೇಲೆ ಸರಿಯಾಗಿ ಕೂತಿತ್ತು, ಹೊರಗೆ ಮಡಿಕೆಯೇ ಇಲ್ಲ. ನಾಳೆ ಆ ಮಷೀನಿನ ಮುಂದೆ ಹೀಗೇ ನಿಲ್ಲುತ್ತಾಳೆ ಎಂದುಕೊಂಡಾಗ ನನ್ನ ಬೆನ್ನೂ ನೆಟ್ಟಗಾಯಿತು.

ನೀಲಿ ಪಂಚೆಯನ್ನೇ ಉಟ್ಟು ಹೊಲಿಗೆ ಮಷೀನಿಗೆ ಎಣ್ಣೆ ಬಿಟ್ಟೆ. ಮುರಿದ ಸೂಜಿಯ ತುಂಡುಗಳನ್ನು ಕಾಗದದಲ್ಲಿ ಕಟ್ಟಿ ಬಿಸಾಡಿ, ಮಷೀನಿಗೆ ಮುಸುಕು ಹಾಕಿದೆ. ಸಂಜೆ ಐದು ನಲವತ್ತು.